ಫೋಕಸಣ್ಣನ ಫೋಕಸ್ ತಪ್ಪಿದ್ದು

ಜೀವ ಇರುವವರೆಗೂ ಡಾಕ್ಟರ ಕ್ಲಿನಿಕ್ಕಿಗೆ ಕಾಲಿಡುವುದಿಲ್ಲ ಎಂದು ಫೋಕಸಣ್ಣ ಘನಘೋರ ಪ್ರತಿಜ್ಞೆ ಮಾಡಿದ್ದು ತನ್ನ ಕನ್ನಡಕದಂಗಡಿಯ ಕೌಂಟರಿನ ಮುಂದೆ, ಒಂದು ಬಾಟಲಿ ನೀರನ್ನು ಗಟಗಟನೆ ಗಂಟಲಿಗೆ ಸುರಿದುಕೊಂಡ ಮೇಲೆ. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ಮರೆತಂತಿತ್ತು. ಗಿರಾಕಿಯ ಮುಖ ಕಂಡ ಕೂಡಲೇ "ಫೋಕಸ್ ಸರಿಯಿಲ್ಲ ನಿಮ್ದು" ಎನ್ನುವ ಅಭ್ಯಾಸದಿಂದ ಇಡೀ ಬೀದಿಗೆ ಅವನು ಫೋಕಸಣ್ಣನಾಗಿದ್ದ.

"ಯಂತ್ರ ಕೆಟ್ರೆ ಮೆಕ್ಯಾನಿಕ್ ಹತ್ರ ಹೋಗ್ಬೇಕು ನಿಜ. ಆದ್ರೆ ನಾನೇ ಮೆಕ್ಯಾನಿಕ್ ಅಲ್ವಾ? ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರೆ ಸಾಕು, ಮನುಷ್ಯನ ಒಳಗಿರೋದೆಲ್ಲ ಹೇಳ್ತೀನಿ" ಎಂದ.

ಕೌಂಟರಿನಲ್ಲಿ ಫ್ರೇಮು ಒರೆಸುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ಮೆಕ್ಯಾನಿಕ್ಕಿನ ಪ್ಯಾಂಟು ಸೊಂಟದಲ್ಲಿ ನಿಲ್ತಾ ಇಲ್ಲ. ಮೊದಲು ಅದನ್ನ ಎತ್ಕೊಳ್ಳಿ."

ಪ್ಯಾಂಟು ಜಾರುತ್ತಿದ್ದದ್ದು ನಿಜ. ಫೋಕಸಣ್ಣನ ಮೈ ದಿನೇ ದಿನೇ ಇಳಿಯುತ್ತಿತ್ತು. ಅದಕ್ಕೂ ಅವನ ಬಳಿ ವಿವರಣೆ ಸಿದ್ಧವಿತ್ತು: ಯೌವನ ಮರಳಿ ಬರುತ್ತಿದೆ. ಬಾಯಾರಿಕೆ ಯಾಕೆ? ಫ್ಯಾನಿನ ಒಣಗಾಳಿಗೆ. ಹೊತ್ತಿಲ್ಲ ಗೊತ್ತಿಲ್ಲ, ಶೌಚಾಲಯಕ್ಕೆ ಓಡುವುದು ಯಾಕೆ? ಅಷ್ಟು ನೀರು ಕುಡಿದವನು ಇನ್ನೆಲ್ಲಿಗೆ ಓಡಬೇಕು? ಅಷ್ಟು ನೀರು ಕುಡಿಯುವುದು ಯಾಕೆ? ಅಷ್ಟು ಸಲ ಓಡಿದವನಿಗೆ ಬಾಯಾರದೆ ಇರುತ್ತದೆಯೇ? ಈ ತರ್ಕ ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲುತ್ತಿದ್ದುದರಿಂದ ಅದರಲ್ಲಿ ತೂತು ಹುಡುಕಲು ಯಾರಿಗೂ ಆಗುತ್ತಿರಲಿಲ್ಲ.

ಅವನನ್ನು ಚುಚ್ಚಿದ್ದು ಒಂದೇ ವಿಷಯ. ಕಣ್ಣು ಮಂಜಾಗತೊಡಗಿತ್ತು. ಊರಿಗೆಲ್ಲ ಕನ್ನಡಕ ಹಾಕಿಸಿದವನಿಗೆ ಎದುರಿನ ಔಷಧಿ ಅಂಗಡಿಯ ಬೋರ್ಡು ಕಲಸಿದ ಹಿಟ್ಟಿನಂತೆ ಕಾಣುತ್ತಿತ್ತು. ಫೋಕಸಣ್ಣ ತಾನೇ ಪರೀಕ್ಷೆ ಮಾಡಿಕೊಂಡು, ತಾನೇ ಗಾಜು ಉಜ್ಜಿ ಹೊಸ ಕನ್ನಡಕ ಮಾಡಿಕೊಂಡ. ಜಗತ್ತು ಫಳಫಳ ಹೊಳೆಯಿತು. ವಾರ ಕಳೆಯುವಷ್ಟರಲ್ಲಿ ಮತ್ತೆ ಮಂಜು. ಲೆನ್ಸು ಕಳಿಸಿದವನಿಗೆ ಫೋನಿನಲ್ಲಿ ಬೈದು, ಇನ್ನೊಂದು ಕನ್ನಡಕ ಮಾಡಿದ. ಅದೂ ಕೈಕೊಟ್ಟಿತು. ಕೊನೆಗೆ ಒಂದು ಮೂಗಿನ ಮೇಲೆ, ಒಂದು ಹಣೆಯ ಮೇಲೆ, ಒಂದು ಕೊರಳಲ್ಲಿ, ಒಂದು ಜೇಬಿನಲ್ಲಿ. ನಡೆದಾಡುವ ಶೋಕೇಸಿನಂತಾದ.

"ಇಷ್ಟು ಕನ್ನಡಕದಲ್ಲಿ ಒಂದರಲ್ಲಾದ್ರೂ ನಾನು ಕಾಣಿಸ್ತೀನಾ?" ಎಂದು ಕೇಳಿದಳು ಹೆಂಡತಿ.

"ಕಾಣಿಸ್ತೀಯ. ಇಬ್ಬರಾಗಿ ಕಾಣಿಸ್ತೀಯ."

"ಒಬ್ಬಳನ್ನೇ ಸಂಭಾಳಿಸೋಕೆ ಆಗದವರಿಗೆ ಅದೂ ಒಂದು ಶಿಕ್ಷೆಯೇ ಬಿಡಿ."

ಇಲ್ಲಿಗೇ ನಿಂತಿದ್ದರೆ ಅದು ಗಂಡ ಹೆಂಡತಿಯ ನಡುವಿನ ಮಾತಾಗಿ ಉಳಿಯುತ್ತಿತ್ತು. ಆದರೆ ಒಂದು ಬೆಳಿಗ್ಗೆ ಪಕ್ಕದ ಸಲೂನಿನವನು ಒಬ್ಬ ದಪ್ಪ ಮನುಷ್ಯನ ತೋಳು ಹಿಡಿದುಕೊಂಡು ಅಂಗಡಿಗೆ ಬಂದ. ದಪ್ಪ ಮನುಷ್ಯ ಬಾಯಿಗೆ ಟವೆಲ್ಲು ಒತ್ತಿಕೊಂಡಿದ್ದ. ಸಲೂನಿನವನ ಮೂಗಿನ ಮೇಲೆ ಫೋಕಸಣ್ಣ ಹಿಂದಿನ ದಿನವಷ್ಟೇ ಮಾಡಿಕೊಟ್ಟ ಕನ್ನಡಕವಿತ್ತು.

"ಅಣ್ಣಾ, ಮೀಸೆ ತುದಿ ಸ್ವಲ್ಪ ಸಮ ಮಾಡು ಅಂದ್ರು ಇವರು. ಮಾಡ್ದೆ. ಟವೆಲ್ ತೆಗೀರಿ ಸಾರ್, ತೋರಿಸಿ."

ಟವೆಲ್ಲು ಸರಿಯಿತು. ಬಲಗಡೆ ಪೊದೆಯಂಥ ಮೀಸೆ. ಎಡಗಡೆ ಬಟಾಬಯಲು.

ಫೋಕಸಣ್ಣ ಹಣೆಯ ಕನ್ನಡಕವನ್ನು ಮೂಗಿಗಿಳಿಸಿ, ಮೂಗಿನದನ್ನು ಹಣೆಗೇರಿಸಿ, ಬಗ್ಗಿ ನೋಡಿದ. "ಚೆನ್ನಾಗೇ ಇದೆಯಲ್ಲಪ್ಪ. ಎರಡೂ ಕಡೆ ಸಮ ಇದೆ."

ದಪ್ಪ ಮನುಷ್ಯ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕುಳಿತ. ಹೆಂಡತಿಗೆ ನಗು ಬಂದರೂ ಅದರ ಬೆನ್ನಿಗೇ ಹೆದರಿಕೆಯೂ ಬಂತು. ಮೀಸೆಯಾದರೆ ಬೆಳೆಯುತ್ತದೆ. ಇವರ ಮಂಜುಗಣ್ಣು ಮಾಡಿಕೊಟ್ಟ ಕನ್ನಡಕ ಹಾಕಿಕೊಂಡು ಯಾರಾದರೂ ಬಸ್ಸು ಓಡಿಸಲು ಹೊರಟರೆ? ಸಲೂನಿನವನ ಕನ್ನಡಕ ಕಿತ್ತಿಟ್ಟುಕೊಂಡು, ಅವನು ಅಂಗಡಿಯಲ್ಲೇ ಬಿಟ್ಟುಹೋಗಿದ್ದ ಹಳೆಯದನ್ನು ಕೊಟ್ಟಳು. ಫೋಕಸಣ್ಣ ಎಂದಿನಂತೆ ಹಿಂಬಾಗಿಲಾಚೆಯ ಶೌಚಾಲಯಕ್ಕೆ ಓಡಿದಾಗ ಬೀದಿಯ ಕೊನೆಯ ಕ್ಲಿನಿಕ್ಕಿನ ಲೇಡಿ ಡಾಕ್ಟರಿಗೆ ಫೋನು ಮಾಡಿದಳು. ನೆಗಡಿಯಿಂದ ಹಿಡಿದು ನಡುನೋವಿನವರೆಗೆ ಬೀದಿಯವರಿಗೆಲ್ಲ ಅವರೇ ದಿಕ್ಕು.

"ಡಾಕ್ಟ್ರೇ, ಇವರು ನಿಮ್ಮಲ್ಲಿಗೆ ಬರಲ್ಲ. ಕೊರಳಿಗೆ ಹಗ್ಗ ಹಾಕಿ ಎಳೆದ್ರೂ ಬರಲ್ಲ."

"ಬರೋದು ಬೇಡ ಬಿಡಿ ಅಕ್ಕ. ನನಗೂ ಕಣ್ಣು ತೋರಿಸ್ಕೋಬೇಕು. ನಾನೇ ಬರ್ತೀನಿ" ಎಂದರು ಡಾಕ್ಟರು.

ಸಂಜೆ ಡಾಕ್ಟರು ಬಿಳಿ ಕೋಟಿನಲ್ಲೇ ಬಂದರು. ಫೋಕಸಣ್ಣನ ಎದೆ ಉಬ್ಬಿತು. ಕೊನೆಗೂ ವೈದ್ಯಶಾಸ್ತ್ರವೇ ತನ್ನ ಬಾಗಿಲಿಗೆ ಬಂದಿದೆ! ಒಳಕೋಣೆಯ ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಲೋಹದ ಫ್ರೇಮು ಏರಿಸಿ, ಅದರಲ್ಲಿ ಒಂದು ಗಾಜು ಹಾಕಿದ.

"ಒಂದು ನಿಮಿಷ ಡಾಕ್ಟ್ರೇ" ಎಂದು ಹೊರಗೆ ಓಡಿದ. ಬಂದು ನೀರು ಕುಡಿದ. ಇನ್ನೊಂದು ಗಾಜು ಹಾಕಿದ. "ಅರ್ಧ ನಿಮಿಷ ಡಾಕ್ಟ್ರೇ" ಎಂದು ಮತ್ತೆ ಓಡಿದ. ಬಂದು ಮತ್ತೆ ಕುಡಿದ. ಡಾಕ್ಟರು ಕತ್ತಲೆ ಕೋಣೆಯಲ್ಲಿ, ಒಂದು ಕೆಜಿ ತೂಕದ ಫ್ರೇಮು ಹೊತ್ತು, ಎಲ್ಲವನ್ನೂ ಕಿವಿಗೊಟ್ಟು ಕೇಳಿಸಿಕೊಳ್ಳುತ್ತಿದ್ದರು.

"ಈಗ ಗೋಡೆ ಮೇಲಿನ ಕೊನೇ ಸಾಲು ಓದಿ" ಎಂದ ಫೋಕಸಣ್ಣ. ಹೇಳುವಾಗ ಅವನ ಕಾಲುಗಳು ಮತ್ತೆ ಒಂದಕ್ಕೊಂದು ಹೆಣೆದುಕೊಂಡಿದ್ದವು. ಗಮನವೆಲ್ಲ ಹಿಂಬಾಗಿಲ ಕಡೆಗಿತ್ತು.

ಡಾಕ್ಟರು ಒಂದೊಂದೇ ಅಕ್ಷರ ಬಿಡಿಸಿ ಓದಿದರು. "ನೀ... ರು... ಜಾ... ಸ್ತಿ... ಕು... ಡಿ... ತೀ... ರಿ."

"ಭೇಷ್. ಒಂದಕ್ಷರ ತಪ್ಪಿಲ್ಲ" ಎಂದು ಅವನು ಓಡಿಯೇಬಿಟ್ಟ.

ವಾಪಸು ಬಂದಾಗ ಡಾಕ್ಟರು ಕುರ್ಚಿಯಿಂದ ಇಳಿದು ನಿಂತಿದ್ದರು. "ಈಗ ನೀವು ಕೂತ್ಕೊಳ್ಳಿ ಫೋಕಸಣ್ಣ. ಒಂದೇ ಒಂದು ಸಲ ಓದಿ. ನನ್ನ ಸಮಾಧಾನಕ್ಕೆ."

ಫೋಕಸಣ್ಣ ರಾಜಗಾಂಭೀರ್ಯದಿಂದ ಕುರ್ಚಿ ಏರಿದ. ಅಕ್ಷರಪಟ ಅವನಿಗೆ ಬಾಯಿಪಾಠ. ಮೇಲಿನ ದೊಡ್ಡಕ್ಷರದಿಂದ ಕೆಳಗಿನ ಇರುವೆಯಂಥ ಅಕ್ಷರದವರೆಗೆ ಉಸಿರು ಬಿಡದೆ ಒಪ್ಪಿಸಿ, "ಹೇಗೆ?" ಎಂದ.

ಡಾಕ್ಟರು ದೀಪ ಹಾಕಿದರು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಬಹಳ ಚೆನ್ನಾಗಿ ಓದಿದ್ರಿ. ಆದ್ರೆ ಅಕ್ಷರಪಟದ ಮೇಲೆ ನಾನು ನನ್ನ ಕೋಟು ನೇತುಹಾಕಿದ್ದೆ" ಎಂದರು ಡಾಕ್ಟರು.

ಫೋಕಸಣ್ಣ ಎದ್ದು ಹೋಗಿ ಗೋಡೆ ಸವರಿದ. ಕೈಗೆ ಕೋಟಿನ ಗುಂಡಿ ಸಿಕ್ಕಿತು.

"ಬಾಯಾರಿಕೆ, ಮತ್ತೆ ಮತ್ತೆ ಹೊರಗೆ ಓಡೋದು, ಮೈ ಇಳಿಯೋದು, ಕಣ್ಣು ಮಂಜು. ಎಲ್ಲ ಒಟ್ಟಿಗೇ ಬಂದ್ರೆ ಸಕ್ಕರೆ ಕಾಯಿಲೆ ಇರಬಹುದು. ರಕ್ತ ಪರೀಕ್ಷೆಯಲ್ಲಿ ಖಾತ್ರಿ ಆಗಬೇಕು. ರಕ್ತ ಕೊಡೋಕೆ ಕ್ಲಿನಿಕ್ಕಿಗೆ ಬರ್ತೀರಾ, ಇಲ್ಲ ಕೋಟನ್ನೇ ಕಳಿಸ್ಲಾ?"

ಪ್ರತಿಜ್ಞೆ ಅಲ್ಲಿಗೆ ಮುಗಿಯಿತು. ಮರುದಿನ ಬೆಳಿಗ್ಗೆ ಫೋಕಸಣ್ಣ ಬರಿ ಹೊಟ್ಟೆಯಲ್ಲಿ, ಕನ್ನಡಕವಿಲ್ಲದ ಬರಿ ಮುಖದಲ್ಲಿ ಕ್ಲಿನಿಕ್ಕಿನ ಬೆಂಚಿನ ಮೇಲೆ ಕುಳಿತಿದ್ದ. ಸೂಜಿ ಕಂಡು ಮುಖ ತಿರುಗಿಸಿದ. ಹೆಂಡತಿ ಅವನ ಕೈ ಹಿಡಿದುಕೊಂಡಳು. ಆ ಕೈ ಎಷ್ಟು ತೆಳ್ಳಗಾಗಿದೆ ಎಂಬುದು ಆಗ ಅವಳಿಗೆ ತಿಳಿದದ್ದು.

ವರದಿ ಬಂತು. ಆ ಹೊತ್ತಿನ ಸಕ್ಕರೆಯೂ ಹೆಚ್ಚು, ಕಳೆದ ಮೂರು ತಿಂಗಳ ಸರಾಸರಿಯೂ ಹೆಚ್ಚು.

"ನನ್ನ ಕಣ್ಣು ಹೋಗುತ್ತಾ ಡಾಕ್ಟ್ರೇ?" ಎಂದು ಕೇಳಿದ. ಸ್ವರ ಬಹಳ ಸಣ್ಣಗಿತ್ತು. ಕಣ್ಣೇ ಅವನ ಕಸುಬು.

"ಈಗಿನ ಮಂಜು ಸಕ್ಕರೆ ಏರಿಳಿತಕ್ಕೆ ಬಂದಿರಬಹುದು. ಕಣ್ಣಿನ ಒಳಗಿನ ಲೆನ್ಸೇ ಉಬ್ಬೋದು ಇಳಿಯೋದು ಮಾಡುತ್ತೆ. ಸಕ್ಕರೆ ಹದಕ್ಕೆ ಬಂದ್ರೆ ಅದೂ ಹದಕ್ಕೆ ಬರುತ್ತೆ. ಅಲ್ಲಿವರೆಗೂ ಹೊಸ ಕನ್ನಡಕ ಮಾಡ್ಕೋಬೇಡಿ, ಬೇರೆಯವರಿಗೂ ಮಾಡ್ಬೇಡಿ. ಆದ್ರೂ ಕಣ್ಣಿನ ಡಾಕ್ಟರ ಹತ್ರ ಒಳಗಿನ ಪರದೆ, ಅದೇ ರೆಟಿನಾ, ತೋರಿಸಿ. ಮಾತ್ರೆ ತಪ್ಪಿಸ್ಬೇಡಿ, ದಿನಾ ನಡೀರಿ, ಪಾದ ನೋಡ್ಕೊಳ್ಳಿ. ತಟ್ಟೆಯಲ್ಲಿ ತರಕಾರಿ ಅರ್ಧ ಇರಲಿ. ಮತ್ತೆ ನನ್ನ ಹತ್ರ ಬರ್ತಾ ಇರಿ."

ಯಾವುದನ್ನೂ ಅರೆಮನಸ್ಸಿನಿಂದ ಮಾಡುವ ಜಾಯಮಾನ ಫೋಕಸಣ್ಣನದಲ್ಲ. ಡಾಕ್ಟರ ವೈರಿಯಾಗಿದ್ದವನು ಈಗ ಡಾಕ್ಟರಿಗಿಂತ ದೊಡ್ಡ ಡಾಕ್ಟರಾದ. ಅಂಗಡಿಯ ಕಣ್ಣುಪರೀಕ್ಷೆಗೆ ಕೆಲವು ವಾರಗಳ ಮಟ್ಟಿಗೆ ಬೇರೊಬ್ಬರನ್ನು ಗೊತ್ತುಮಾಡಿ, ತನ್ನ ಪೂರ್ತಿ ಗಮನವನ್ನು ಮನೆಯ ಅಡುಗೆಮನೆಯ ಮೇಲೆ ನೆಟ್ಟ.

"ಈ ಸೌತೆಕಾಯಿ ಇನ್ನೂ ತೆಳ್ಳಗೆ ಹೆಚ್ಚು. ನನ್ನ ಲೆನ್ಸಿನ ಹಾಗೆ ಇರಬೇಕು."

"ಮಾತ್ರೆಗೆ ನೀರು ಉಗುರುಬೆಚ್ಚಗಿಲ್ಲ. ಇನ್ನೊಂದ್ಸಲ ಕಾಯಿಸು."

"ಚಹಾಕ್ಕೆ ಸಕ್ಕರೆ ಹಾಕಿಲ್ಲ ತಾನೇ? ನೀನು ಮೊದಲು ಕುಡಿದು ನೋಡು."

"ನಡೆಯೋಕೆ ಒಬ್ಬನೇ ಹೋದ್ರೆ ಬೇಜಾರು. ನೀನೂ ಬಾ. ಹಾಗೇ ನೀರಿನ ಬಾಟಲಿ, ಟವೆಲ್ಲು, ಛತ್ರಿ ತಗೋ."

ಅವನು ಬೀಸುಗಾಲಿನಲ್ಲಿ ಮುಂದೆ ನಡೆದರೆ ಅವಳು ಸಾಮಾನು ಹೊತ್ತ ಹಡಗಿನಂತೆ ಹಿಂದೆ. ಮನೆಗೆ ಬಂದು ಅವನು ಸೋಫಾದ ಮೇಲೆ ಕಾಲು ಚಾಚಿ, "ಪಾದ ನೋಡ್ಕೋಬೇಕು ಅಂದಿದ್ದಾರೆ ಡಾಕ್ಟ್ರು. ಸ್ವಲ್ಪ ನೋಡು" ಎನ್ನುತ್ತಿದ್ದ.

ಫಲ ಸಿಕ್ಕಿತು ಎನ್ನಬೇಕು. ಬಾಯಾರಿಕೆ ಇಳಿಯಿತು, ಓಟ ನಿಂತಿತು. ಎದುರಿನ ಬೋರ್ಡಿನ ಅಕ್ಷರಗಳು ಒಂದೊಂದಾಗಿ ಹಿಟ್ಟಿನಿಂದ ಎದ್ದು ಬಂದವು. ಕಣ್ಣಿನ ಡಾಕ್ಟರು ಒಳಪರದೆ ನೋಡಿ ಭಯವಿಲ್ಲ ಎಂದರು. ಮಂಜು ಪೂರ್ತಿ ಸರಿದ ದಿನ ಫೋಕಸಣ್ಣ ಬಹಳ ಕಾಲದ ಮೇಲೆ ಹೆಂಡತಿಯ ಮುಖವನ್ನು ನಿಚ್ಚಳವಾಗಿ ನೋಡಿದ. ನೋಡಿ ಗಾಬರಿಯಾದ. ಕಣ್ಣ ಕೆಳಗೆ ಕಪ್ಪು. ಕೆನ್ನೆ ಒಳಕ್ಕೆ ಹೋಗಿದೆ. ನಿಂತಲ್ಲೇ ಆಕಳಿಸುತ್ತಾಳೆ.

"ಸುಸ್ತಾ?"

"ಸುಸ್ತು."

"ಮೈ ಇಳೀತಾ ಇದೆಯಾ?"

"ಇಳೀದೆ ಏನು ಮಾಡುತ್ತೆ?"

ಅಷ್ಟೇ ಸಾಕಾಯಿತು. ಫೋಕಸಣ್ಣ ಅವಳ ಕೈ ಹಿಡಿದು ದರದರನೆ ಕ್ಲಿನಿಕ್ಕಿಗೆ ಕರೆದೊಯ್ದ. ಮನಸ್ಸಿನಲ್ಲಿ ನಿಜವಾದ ಕಳವಳವಿತ್ತು. ಅದರ ಪಕ್ಕದಲ್ಲೇ, ಹೇಳಬಾರದು, ರೋಗವನ್ನು ತಾನೇ ಪತ್ತೆ ಮಾಡಿದ ಹೆಮ್ಮೆಯೂ ಇತ್ತು.

"ಡಾಕ್ಟ್ರೇ, ಇವಳಿಗೂ ಬಂದಿದೆ. ನೋಡಿದ ತಕ್ಷಣ ಹೇಳ್ದೆ ನಾನು. ಮಾತ್ರೆ ಬರೆದುಬಿಡಿ."

ಡಾಕ್ಟರು ಪರೀಕ್ಷಿಸಿದರು. ರಕ್ತ ತೆಗೆಸಿದರು. ಅವನ ವರದಿಯನ್ನೂ ಅವಳದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು.

"ನಿಮ್ಮ ಸಕ್ಕರೆ ಹದಕ್ಕೆ ಬಂದಿದೆ. ಸಂತೋಷ. ಅಕ್ಕನಿಗೆ ಸಕ್ಕರೆ ಕಾಯಿಲೆ ಇಲ್ಲ. ಬೇರೆ ಏನೂ ಇಲ್ಲ."

"ಮತ್ತೆ ಈ ಸುಸ್ತು?"

"ಕಾಯಿಲೆ ನಿಮ್ಮದು, ಸುಸ್ತು ಅವರದು. ನಿಮ್ಮನ್ನ ಸಂಭಾಳಿಸಿ ಹೀಗಾಗಿದ್ದಾರೆ." ಡಾಕ್ಟರು ಚೀಟಿ ಎಳೆದುಕೊಂಡು ಬರೆಯತೊಡಗಿದರು. "ಅವರಿಗೆ ಮಾತ್ರೆ ಬೇಡ. ನಿಮಗೆ ಪಾತ್ರೆ."

"ಏನಂದ್ರಿ?"

"ಪಾತ್ರೆ. ದಿನಾ. ಮೈಗೂ ಒಳ್ಳೇ ವ್ಯಾಯಾಮ."

ಹೆಂಡತಿ ಚೀಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬಹಳ ವಿನಯದಿಂದ ಕೇಳಿದಳು. "ಇದನ್ನ ಊಟಕ್ಕೆ ಮುಂಚೆನಾ ಡಾಕ್ಟ್ರೇ, ಊಟ ಆದ್ಮೇಲಾ?"

"ಎರಡೂ ಹೊತ್ತು ಅಕ್ಕ. ಊಟಕ್ಕೆ ಮುಂಚೆ ಅಡುಗೆ, ಊಟ ಆದ್ಮೇಲೆ ಪಾತ್ರೆ."