ದ್ವೀಪಕ್ಕೆ ಸಲಹೆ, ತಾರಸಿಯಲ್ಲಿ ಆಮೆ

ಸಲಹೆ ಕೊಡುವ ಕೆಲಸಕ್ಕೆ ಸಂಬಳವೂ ಸಿಗುತ್ತದೆ ಎಂದರೆ ನಮ್ಮ ಬೀದಿಯಲ್ಲಿ ಯಾರೂ ನಂಬುವುದಿಲ್ಲ. ಜಯನಗರದಲ್ಲಿ ಈಗಲೂ ಪುಕ್ಕಟೆ ಸಿಗುವ ಪದಾರ್ಥ ಅದೊಂದೇ. ಪಾರ್ಕಿನಲ್ಲಿ ಒಂದು ಸಲ ಕೆಮ್ಮಿ ನೋಡಿ, ಕಷಾಯದಿಂದ ಹಿಡಿದು ಮನೆ ಬದಲಾಯಿಸುವವರೆಗಿನ ಸಲಹೆಗಳು ಗೇಟಿನ ತನಕ ಹಿಂದೆಯೇ ಬರುತ್ತವೆ. ಅಂಥ ಜಾಗದಲ್ಲಿ ಕೂತು ನಾನು ಪರದೇಶಕ್ಕೆ ಸಲಹೆ ಕೊಡುತ್ತೇನೆ. ಸರ್ಕಾರದ ವನ್ಯಜೀವಿ ಸಲಹೆಗಾರ್ತಿ ನಾನು. ದೂರದ ಒಂದು ಪುಟ್ಟ ದ್ವೀಪದೇಶದ ಕೊಳಗಳಲ್ಲಿ ಅಲ್ಲಿನದೇ ಆದ ಒಂದು ಬಡಪಾಯಿ ಆಮೆಯಿದೆ. ಅದನ್ನು ಉಳಿಸಿಕೊಳ್ಳುವುದು ಹೇಗೆಂದು ಅಲ್ಲಿನ ಅರಣ್ಯಾಧಿಕಾರಿಗಳಿಗೆ ಹೇಳಿಕೊಡುವುದು ನನ್ನ ಪಾಲಿಗೆ ಬಂದಿದೆ. ಒಂದು ಸಲ ಹೋಗಿಯೂ ಬಂದಿದ್ದೇನೆ. ಉಳಿದಂತೆ ನೈಟಿಯ ಮೇಲೊಂದು ಶಾಲು ಹೊದ್ದು, ನಮ್ಮ ಊಟದ ಮೇಜಿನಿಂದಲೇ ವಿಡಿಯೋ ಕಾಲ್‌ನಲ್ಲಿ ಆ ದೇಶವನ್ನು ಉದ್ಧರಿಸುತ್ತೇನೆ.

ಅವರ ಆಮೆಯ ಶತ್ರು ಇನ್ನೊಂದು ಆಮೆ. ಅಂಗಡಿಯಲ್ಲಿ ಬಿಸ್ಕತ್ತಿನಷ್ಟು ಚಿಕ್ಕದಾಗಿ, ಕಣ್ಣಿನ ಹಿಂದೆ ಕೆಂಪು ಪಟ್ಟೆ ಬಳಿದುಕೊಂಡು ಮುದ್ದುಮುದ್ದಾಗಿ ಸಿಗುವ ವಿದೇಶಿ ಆಮೆ. ಜನ ಸಾಕುತ್ತಾರೆ, ಅದು ತಟ್ಟೆಯಷ್ಟಾಗುತ್ತದೆ, ಬೇಸರ ಬಂದು ಕೊಳಕ್ಕೆ ಬಿಡುತ್ತಾರೆ. ಅಲ್ಲಿ ಅದು ಸಿಕ್ಕಿದ್ದೆಲ್ಲ ತಿಂದು, ಊರಿನ ಆಮೆ ಬಿಸಿಲು ಕಾಯುವ ಕಲ್ಲನ್ನೂ ಕಿತ್ತುಕೊಳ್ಳುತ್ತದೆ. "ಆಮೆಯನ್ನು ಕೊಳಕ್ಕೆ ಬಿಡದಂತೆ ಜನರ ಮನೆಗೇ ಹೋಗಿ ಒಪ್ಪಿಸಿ," ಎಂದು ನಾನು ಹೇಳಿಕೊಟ್ಟಿದ್ದೆ. "ಆದರೆ ಅವರು ಕುಡಿಯಲು ಕೊಟ್ಟದ್ದು ಮುಗಿಯುವ ತನಕ ಸಲಹೆಗೆ ಬಾಯಿ ತೆರೆಯಬೇಡಿ. ಆಮೇಲೂ ಮೊದಲು ಕೇಳಿ, ಅನಂತರ ಹೇಳಿ." ಇದಕ್ಕೆ ಆ ಕಡೆಯಿಂದ ಚಪ್ಪಾಳೆ ಬಂದಿತ್ತು. ನಾನಂತೂ ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಇನ್ನು ಮನೆಯ ವಿಷಯ. ನಮ್ಮ ತಾರಸಿಯ ಪ್ಲಾಸ್ಟಿಕ್ ಟಬ್ಬಿನಲ್ಲಿ ಅದೇ ಕೆಂಪು ಪಟ್ಟೆಯ ಆಮೆಯಿತ್ತು. ಹೌದು, ಅದೇ. ನನಗೆ ಈ ಕೆಲಸ ಸಿಗುವ ಎಷ್ಟೋ ಮೊದಲು, ಉತ್ತರ ದಿಕ್ಕಿನಲ್ಲಿ ಆಮೆಯಿದ್ದರೆ ಒಳ್ಳೆಯದೆಂದು ಯಾರೋ ವಾಸ್ತು ಹೇಳಿದ್ದಕ್ಕೆ ನನ್ನ ಗಂಡ ತಂದದ್ದು. ಇವರು ತಂದ ಮರುದಿನವೇ ಮರೆತರು. ಅತ್ತೆ ಅದಕ್ಕೆ ಕೂರ್ಮಯ್ಯ ಎಂದು ಹೆಸರಿಟ್ಟು, ದಿನಾ ಸೌತೆಕಾಯಿ ನೈವೇದ್ಯ ಮಾಡಿ ಬೆಳೆಸಿದರು. ಇದು ವಿದೇಶಿ ಆಕ್ರಮಣಕಾರಿ ಜೀವಿ ಎಂದರೆ, "ಕುಂಕುಮ ಇಟ್ಕೊಂಡೇ ಹುಟ್ಟಿದೆ ಕಣೆ, ಎಲ್ಲಿಯ ವಿದೇಶಿ?" ಎನ್ನುತ್ತಿದ್ದರು. ಟಬ್ಬಿನಲ್ಲಿ ಇರುವಷ್ಟು ದಿನ ಯಾರಿಗೂ ತೊಂದರೆಯಿಲ್ಲವೆಂದು ನಾನೂ ಸುಮ್ಮನಿದ್ದೆ.

ಅಷ್ಟರಲ್ಲಿ ಅತ್ತೆಗೆ ಮಂಡಿನೋವು ಬಂತು. ಮಂಡಿನೋವು ಹೋಯಿತು. ಹೋದ ಮೇಲೆ ತಿಳಿಯಿತು, ನಡುವೆ ಒಂದು ಹರಕೆಯೂ ಆಗಿಹೋಗಿತ್ತು.

"ಏಕಾದಶಿ ದಿನ ಕೂರ್ಮಯ್ಯನ್ನ ಕೆರೆಗೆ ಬಿಟ್ಟು ಬರ್ತೀನಿ. ಆಟೋದವನಿಗೂ ಹೇಳಾಗಿದೆ."

ಜೆ.ಪಿ. ನಗರದ ಆ ಕೆರೆಯಲ್ಲಿ ನಮ್ಮದೇ ನಾಡಿನ ಆಮೆಗಳು ಬಂಡೆಯ ಮೇಲೆ ಸಾಲಾಗಿ ಬಿಸಿಲು ಕಾಯುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಒಂದು ದೇಶದ ಕೊಳ ಉಳಿಸಲು ಹೊರಟವಳ ಮನೆಯಿಂದಲೇ ಅವುಗಳ ಮೇಲೆ ದಂಡು ಹೊರಡುವುದೆ? ಅತ್ತೆಗೆ ಚಿತ್ರ ತೋರಿಸಿದೆ, ವಿಡಿಯೋ ತೋರಿಸಿದೆ, ಕೊನೆಗೆ ನನ್ನ ಇಲಾಖೆಯ ಹೆಸರನ್ನೇ ಹೇಳಿ ಹೆದರಿಸಿದೆ.

"ಮಂಡಿ ಮತ್ತೆ ಹಿಡ್ಕೊಂಡ್ರೆ ನಿಮ್ಮ ಇಲಾಖೆಯವರು ಬಂದು ಎಣ್ಣೆ ತಿಕ್ತಾರಾ?" ಎಂದರು ಅತ್ತೆ. ಗಂಡನ ಕಡೆ ನೋಡಿದೆ. "ಅಮ್ಮನ ವಿಷಯಕ್ಕೆ ನನ್ನ ಎಳೀಬೇಡ ಮಾರಾಯ್ತಿ," ಎಂದು ಇವರು ಪೇಪರಿನೊಳಗೆ ತಲೆ ಎಳೆದುಕೊಂಡರು. ಆಮೆ ತಂದವರಿಗೆ ಅಷ್ಟಾದರೂ ಬರಬೇಕಲ್ಲ.

ಇದೇ ಹೊತ್ತಿಗೆ ದ್ವೀಪದ ಅಧಿಕಾರಿ ತೋಮಾಸ್ ತರಬೇತಿಗೆಂದು ಬೆಂಗಳೂರಿಗೆ ಬಂದವನು, ಗುರುಗಳ ಮನೆ ನೋಡಬೇಕೆಂದು ಹಟ ಹಿಡಿದ. ಗುರು ಎಂದರೆ ನಾನು. ಬಿಡುವಿದ್ದದ್ದು ಏಕಾದಶಿಯ ಹಿಂದಿನ ದಿನ ಮಾತ್ರ. ಟಬ್ಬಿನ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿ, ಮೆಟ್ಟಿಲಿನ ಬಾಗಿಲಿಗೆ ಚಿಲಕ ಹಾಕಿ, ಇವರನ್ನು ಕಾವಲಿಗೆ ನಿಲ್ಲಿಸಿದೆ. ತೋಮಾಸ್ ಬಂದ, ಚಪ್ಪಲಿ ಬಿಟ್ಟ, ಅತ್ತೆಗೆ ಕೈ ಮುಗಿದ. ಅತ್ತೆ ಅಲ್ಲೇ ಕರಗಿಹೋದರು. "ಪಾಪ, ಸಮುದ್ರ ದಾಟಿ ಬಂದಿದೆ ಮಗು, ದೇವರನ್ನ ನೋಡ್ಲಿ," ಎಂದವರೇ ಇವರನ್ನು ಪಕ್ಕಕ್ಕೆ ಸರಿಸಿ ಮೇಲೆ ಹೋಗಿ, ಬಕೆಟ್ಟಿನಲ್ಲಿ ಕೂರ್ಮಯ್ಯನನ್ನು ನಡುಮನೆಗೆ ತಂದಿಟ್ಟರು. ಮಂಡಿ ನಿಜಕ್ಕೂ ವಾಸಿಯಾಗಿತ್ತು.

ತೋಮಾಸ್ ಬಕೆಟ್ಟಿನೊಳಗೆ ನೋಡಿದ. ನನ್ನನ್ನು ನೋಡಿದ. ನಾನು ಫ್ಯಾನನ್ನು ನೋಡಿದೆ. ಅವನು ಕೂತು ಕಾಫಿ ಕುಡಿದ. ಅತ್ತೆ ಇನ್ನೊಂದು ಲೋಟ ಕೊಟ್ಟರು, ಅದನ್ನೂ ಕುಡಿದ. ಕೋಡುಬಳೆ ತಿಂದ. ಕೊನೆಗೆ ಲೋಟ ಕೆಳಗಿಟ್ಟು, ಮೆಲ್ಲಗೆ ಆಮೆಯ ಕಥೆ ಕೇಳಿದ. ನಾನೇ ನಡುವೆ ಕೂತು ಅನುವಾದ ಮಾಡಬೇಕಾಯಿತು. ಹರಕೆಯ ಮಾತು ಬಂದಾಗ ಅವನು, "ದೇವರ ಹತ್ತಿರ ನೀವು ಏನೆಂದು ಬೇಡಿಕೊಂಡಿರಿ, ಅಮ್ಮ?" ಎಂದು ಕೇಳಿದ.

"ಏನಿಲ್ಲಪ್ಪ," ಎಂದರು ಅತ್ತೆ. "ನಂಗೆ ಕಾಲು ಚಾಚೋಕೆ ಕೊಟ್ರೆ ಇದಕ್ಕೂ ಕೈಕಾಲು ಆಡಿಸೋವಷ್ಟು ನೀರು ಕೊಡ್ತೀನಿ ಅಂದಿದ್ದೆ. ಅಷ್ಟು ನೀರು ಕೆರೆ ಬಿಟ್ರೆ ಈ ಊರಲ್ಲಿ ಇನ್ನೆಲ್ಲಿದೆ?"

ಹರಕೆಯಲ್ಲಿ ಕೆರೆ ಇರಲೇ ಇಲ್ಲ! ಇಷ್ಟು ದಿನ ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ನಿಂತು ನಾನು ಭಾಷಣ ಬಿಗಿದಿದ್ದೇ ಬಿಗಿದಿದ್ದು, ಒಂದು ಸಲವೂ ಕೇಳಿರಲಿಲ್ಲ.

"ಹಾಗಾದರೆ ನೀರನ್ನು ಇಲ್ಲಿಗೇ ತಂದರೆ?" ಎಂದ ತೋಮಾಸ್. ಅತ್ತೆ ಕಿಟಕಿಯಿಂದ ಅಂಗಳವನ್ನು ಅಳೆದು ನೋಡಿ, "ಸುಮಾ ಕಾರು ತೆಗೆದ್ರೆ ಜಾಗ ಆಗತ್ತೆ," ಎಂದರು. ಸುಮಾ ಎಂದರೂ ನಾನೇ, ಇದನ್ನೂ ನಾನೇ ಅನುವಾದ ಮಾಡಿದೆ. ಆಟೋದವನಿಗೆ ಬರಬೇಡವೆಂದು ಫೋನ್ ಹೋಯಿತು. ದೇಶದ ಆಮೆಗಳು ಉಳಿದವು ಎಂಬ ಖುಷಿಗೆ ನಾನು ಅಡುಗೆಮನೆಗೆ ಹೋಗಿ ಒಬ್ಬಳೇ ಕುಣಿದುಬಿಟ್ಟೆ.

ಈಗ ಅಂಗಳದಲ್ಲಿ ಇಟ್ಟಿಗೆಯ ಪುಟ್ಟ ಕೊಳವಿದೆ, ನಡುವೆ ಬಿಸಿಲು ಕಾಯಲು ಕಲ್ಲಿದೆ, ಹತ್ತಿಳಿದು ಓಡಿಹೋಗದಂತೆ ಜಾಲರಿಯಿದೆ. ಕೂರ್ಮಯ್ಯ ಕೈಕಾಲು ಚಾಚಿ ಈಜುವುದನ್ನು ಅತ್ತೆ ಕುರ್ಚಿ ಹಾಕಿಕೊಂಡು ನೋಡುತ್ತಾರೆ. ನನ್ನ ಕಾರು ರಸ್ತೆಯ ಹೊಂಗೆ ಮರದ ಕೆಳಗೆ ನಿಂತಿದೆ. ಅಲ್ಲಿನ ಜೀವವೈವಿಧ್ಯ ದಿನಾ ಬೆಳಿಗ್ಗೆ ಅದರ ಮೇಲೆ ತನ್ನ ಅಭಿಪ್ರಾಯ ಹಾಕಿ ಹೋಗುತ್ತದೆ. ವಿಡಿಯೋ ಕಾಲ್ ಶುರುವಾದರೆ ದ್ವೀಪದವರೆಲ್ಲ ಮೊದಲು "ಅಮ್ಮ ಎಲ್ಲಿ?" ಎನ್ನುತ್ತಾರೆ. ನಾನು ಮೊಬೈಲು ಹಿಡಿದು ಕೊಳದ ಬಳಿ ನಿಲ್ಲುತ್ತೇನೆ, ಅತ್ತೆ ಸಲಹೆ ಕೊಡುತ್ತಾರೆ.

ಮೊನ್ನೆ ತೋಮಾಸ್ ಸಂಕೋಚದಿಂದಲೇ ಒಂದು ಪ್ರಶ್ನೆ ಕೇಳಿದ. ಈ ಆಮೆಗಳು ಬಹಳ ವರ್ಷ ಬದುಕುತ್ತವಲ್ಲ, ಅಮ್ಮನ ನಂತರ ಕೊಳ ತೊಳೆಯುವವರು, ನೀರು ಬದಲಾಯಿಸುವವರು ಯಾರು ಎಂದ.

"ಅದಕ್ಕೇನು ಯೋಚನೆ? ಸುಮಾ ಇದ್ದಾಳಲ್ಲ," ಎಂದರು ಅತ್ತೆ. "ಅವಳಿಗೆ ಆಮೆ ವಿಷಯ ಎಲ್ಲಾ ಗೊತ್ತು."

ಆ ಕಡೆ ಎಲ್ಲರೂ ಮೆಚ್ಚಿ ತಲೆಯಾಡಿಸಿದರು. ಮೊದಲು ಕೇಳಿ, ಮೊದಲು ಕೇಳಿ ಎಂದು ಒಂದು ದೇಶಕ್ಕೇ ಹೇಳಿಕೊಟ್ಟವಳು ನಾನು. ನನ್ನನ್ನು ಯಾರೂ ಕೇಳಲಿಲ್ಲ.