ಮಾವನವರ ಮನಃಶಾಸ್ತ್ರ, ಅತ್ತೆಯ ತಟ್ಟೆ

ನಮ್ಮ ಮನೆಯಲ್ಲಿ ಸುಮ್ಮನೆ ಆಕಳಿಸುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ಆಕಳಿಸಿದಿರೋ, ನಮ್ಮ ಮಾವನವರು ಕನ್ನಡಕ ಏರಿಸಿಕೊಂಡು ಬಂದು ಅದರ ಕಾರಣ ಹೇಳುತ್ತಾರೆ. ನಿದ್ದೆ ಬಂದಿದೆ ಎಂಬ ಕಾರಣವನ್ನು ಮಾತ್ರ ಅವರು ಒಪ್ಪುವುದಿಲ್ಲ!

ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಜೀವಮಾನವಿಡೀ ಬೋಗಿಗಳ ಬ್ರೇಕ್ ಪರೀಕ್ಷಿಸಿದ ಮನುಷ್ಯ ಎಪ್ಪತ್ತು ದಾಟಿದ ಮೇಲೆ ದೂರಶಿಕ್ಷಣದಲ್ಲಿ ಮನಃಶಾಸ್ತ್ರಕ್ಕೆ ಸೇರಿಕೊಂಡರು. ಕಾರಣ ನಮ್ಮ ಅತ್ತೆ. ಅವರಿಗೆ ಮರೆವಿನ ಕಾಯಿಲೆ. ಮೊದಲು ಹೆಸರುಗಳು ಹೋದವು, ಆಮೇಲೆ ಮುಖಗಳು. ಸದಾ ಪುಸ್ತಕ ಹಿಡಿದು ಎದುರು ಕೂರುವ ಗಂಡನನ್ನು "ಮೇಷ್ಟ್ರೇ" ಎಂದು ಕರೆಯತೊಡಗಿದರು. ಅದನ್ನೂ ನುಂಗಿಕೊಂಡೆವು. ಈಗ ಕೆಲವು ವಾರಗಳಿಂದ ಊಟವನ್ನೇ ಬಿಟ್ಟರು ನೋಡಿ, ಅಲ್ಲಿಗೆ ನಮ್ಮ ಜೀವ ಬಾಯಿಗೆ ಬಂತು. ತಟ್ಟೆ ಇಟ್ಟರೆ ಅತ್ತೆ ಅದನ್ನು ಮಾವನವರ ಕಡೆಗೆ ತಳ್ಳುತ್ತಾರೆ. ಮಾವ ಇತ್ತ ತಳ್ಳುತ್ತಾರೆ. ನಡುವೆ ಸೌಟು ಹಿಡಿದು ನಾನು! ಹೀಗೇ ಆದರೆ ಮೂಗಿಗೆ ಟ್ಯೂಬ್ ಹಾಕಬೇಕಾದೀತು ಎಂದರು ಪೋರೂರಿನ ಡಾಕ್ಟರು.

"ಟ್ಯೂಬೂ ಬೇಡ, ಗೀಬೂ ಬೇಡ. ನಾನ್ ಓದಿದ್ದು ಯಾಕಮ್ಮ ಮತ್ತೆ?" ಎಂದರು ಮಾವ. ಜೊತೆಗೊಂದು ವ್ರತ: ಅವಳ ಹೊಟ್ಟೆಗೆ ಏನಾದರೂ ಬೀಳುವ ತನಕ ನಾನೂ ಮುಟ್ಟುವುದಿಲ್ಲ! ನಾನು ಹೇಗೋ ಅತ್ತೆಗೆ ನಾಲ್ಕು ಗುಟುಕು ಗಂಜಿ ಕುಡಿಸಿದ ಮೇಲೆ, ಮೂರು ಗಂಟೆಗೆ ಮಾವ ಅಡಿಗೆಮನೆಯಲ್ಲಿ ಒಬ್ಬರೇ ಕೂತು ಆರಿದ ಅನ್ನ ಉಣ್ಣುವುದು. ಸಕ್ಕರೆ ಕಾಯಿಲೆ ಬೇರೆ! ಒಬ್ಬರು ಉಣ್ಣದಿರುವುದು ನನಗೆ ಸಾಲದಾಗಿತ್ತೇ?

ಮೊದಲು ಬಂದದ್ದು ವರ್ತನಾವಾದ. "ಮನಸ್ಸು ಗಿನಸ್ಸು ಯಾರ್ ನೋಡಿದಾರೆ? ಕಣ್ಣಿಗೆ ಕಾಣೋದು ನಡವಳಿಕೆ ಒಂದೇ. ಬಹುಮಾನ ಕೊಟ್ರೆ ತಾನಾಗಿ ಬರತ್ತೆ." ತುತ್ತಿಗೊಂದು ಮೈಸೂರುಪಾಕಿನ ಚೂರು ಎಂದು ಲೆಕ್ಕವಾಯಿತು. ಅತ್ತೆ ಚೂರನ್ನು ತೆಗೆದುಕೊಂಡು, "ನೀವ್ ತಗೊಳ್ಳಿ ಮೇಷ್ಟ್ರೇ," ಎಂದು ಅದನ್ನು ಅವರ ಅಂಗಿಯ ಜೇಬಿಗೇ ಹಾಕಿದರು. ಸಂಜೆಯೊಳಗೆ ವರ್ತನಾವಾದಕ್ಕೆ ಇರುವೆ ಮುತ್ತಿತು.

ಆಮೇಲೆ ಗಂಟೆ. ಯಾವುದೋ ದೇಶದ ನಾಯಿಗೆ ಊಟಕ್ಕೆ ಮುಂಚೆ ಗಂಟೆ ಬಾರಿಸಿ ಬಾರಿಸಿ, ಕೊನೆಗೆ ಬರೀ ಗಂಟೆಗೇ ಬಾಯಲ್ಲಿ ನೀರೂರಿತಂತೆ. ಮಾವನವರು ದೇವರ ಗಂಟೆಯನ್ನೇ ತಂದು ಊಟದ ಮೇಜಿನ ಬಳಿ ಬಾರಿಸಿದರು. ಅತ್ತೆ ಕಣ್ಣು ಮುಚ್ಚಿ ಕೈಮುಗಿದರು. ಕೆಳಗಿನ ಮನೆಯ ಮಾಮಿ ಮಾತ್ರ ಮೆಟ್ಟಿಲು ಹತ್ತಿ ಬಂದು ತೀರ್ಥಕ್ಕೆ ಕೈ ಒಡ್ಡಿದರು!

ಮನೋವಿಶ್ಲೇಷಣೆಯ ವಾರವನ್ನು ನೆನೆದರೆ ಈಗಲೂ ತಲೆ ಬಿಸಿಯಾಗುತ್ತದೆ. ಅದರ ಪ್ರಕಾರ ಎಲ್ಲದರ ಬೇರೂ ಬಾಲ್ಯದಲ್ಲಿ, ತಟ್ಟೆ ತಳ್ಳುವುದು ಒಳಮನಸ್ಸಿನ ಹಳೆಯ ಸಿಟ್ಟು. ಅತ್ತೆಯ ಬಾಲ್ಯ ಮುಗಿಸಿ ನನ್ನ ಕಡೆ ತಿರುಗಿದರು.

"ಆ ಸೌಟನ್ನ ಹಾಗ್ ಕುಕ್ಕಿದೆಯಲ್ಲ, ಅದು ನಿಮ್ಮಪ್ಪನ ಮೇಲಿನ ಕೋಪ ಕಣಮ್ಮ."

"ಇಲ್ಲ ಮಾವ, ಸಾಕ್ಷಾತ್ ನಿಮ್ಮ ಮೇಲಿನದೇ!"

ಬಿಡಿಬಿಡಿಯಾಗಿ ನೋಡಬಾರದು, ಇಡಿಯಾಗಿ ನೋಡಬೇಕು ಎನ್ನುವ ಇನ್ನೊಂದು ಪಂಥವಿದೆಯಂತೆ. ಅದನ್ನು ಓದಿದ ದಿನ ಅನ್ನ, ಹುಳಿ, ಪಲ್ಯ, ಪಾಯಸ ಎಲ್ಲವನ್ನೂ ಒಂದೇ ಬಟ್ಟಲಲ್ಲಿ ಕಲಸಿದರು. ನನ್ನ ಮಗಳು ಇಣುಕಿ ನೋಡಿ, "ತಾತಾ, ಪೋದುಂ!" ಎಂದು ತಮಿಳಿನಲ್ಲೇ ‘ಸಾಕು’ ಹೇಳಿ ಕೈಮುಗಿದು ಹೋದಳು. ಮಾನವತಾವಾದ ಬಂದಾಗ ಫ್ರಿಜ್ಜಿನ ಮೇಲೆ ಮನುಷ್ಯನ ಅಗತ್ಯಗಳದೊಂದು ಗೋಪುರ ಬರೆದು ಅಂಟಿಸಿದರು. ತಳದಲ್ಲಿ ಊಟ, ತುತ್ತತುದಿಯಲ್ಲಿ ಆತ್ಮಸಾಫಲ್ಯ. "ತಳದ ಕೆಲಸಕ್ಕೆ ಮೊಸರಿಲ್ಲ ಮಾವ, ಹೋಗಿ ತನ್ನಿ," ಎಂದೆ.

ಹೋದ ವಾರ ಒಂದು ಮಧ್ಯಾಹ್ನ ಮತ್ತೆ ಅದೇ ಆಟ. ಅತ್ತೆ ತಳ್ಳಿದರು, ಮಾವ ತಳ್ಳಿದರು, ಅತ್ತೆ ತಳ್ಳಿದರು. "ಇದನ್ನ ಪ್ರತಿರೋಧ ಅಂತಾರೆ..." ಎಂದು ಮಾವ ಪುಸ್ತಕ ತೆರೆದರು. ನನ್ನ ತಾಳ್ಮೆಯ ಕಟ್ಟೆ ಒಡೆಯಿತು.

"ಪುಸ್ತಕ ಕೆಳಗಿಡಿ ಮಾವ! ಅತ್ತೆ ನಿಮ್ಮ ಕಡೆ ತಾನೆ ತಳ್ಳಿದ್ದು? ನೀವೇ ತಿಂದ್ಬಿಡಿ! ಒಬ್ಬರಾದ್ರೂ ಉಂಡ್ರು ಅಂತ ನನಗೆ ಸಮಾಧಾನ ಆಗ್ಲಿ!"

ನನ್ನ ಗಂಟಲಿಗೆ ಬೆದರಿ ಮಾವ ಗಬಗಬನೆ ನಾಲ್ಕು ತುತ್ತು ಉಂಡರು. ಅತ್ತೆ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದರು. ಮಾವ ಕೈ ತಡೆದು ನೀರಿನ ಲೋಟ ಎತ್ತಿದ್ದೇ ತಡ, ಅತ್ತೆ ಅದೇ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಉಳಿದ ಅನ್ನವನ್ನು ಕಲಸಿ ಉಣ್ಣತೊಡಗಿದರು.

ನಾನು ಈ ಮನೆಗೆ ಬಂದಂದಿನಿಂದ ಅತ್ತೆ ಎಂದಾದರೂ ಮಾವನವರಿಗಿಂತ ಮುಂಚೆ ಉಂಡದ್ದುಂಟೇ? ಅವರು ಉಂಡೆದ್ದ ತಟ್ಟೆಯಲ್ಲೇ ತಾವು ಬಡಿಸಿಕೊಂಡು ಕೂರುತ್ತಿದ್ದರು. ಆ ಪದ್ಧತಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಎಲ್ಲ ಮರೆತವರು ಅದೊಂದನ್ನು ಮರೆತಿರಲಿಲ್ಲ. ಅತ್ತೆ ಉಣ್ಣಲಿ ಎಂದು ಮಾವ ಹಸಿದು ಕೂತರು, ಮಾವನವರ ಊಟವಾಗಲಿ ಎಂದು ಅತ್ತೆ ಹಸಿದು ಕೂತರು!

ತಟ್ಟೆ ಖಾಲಿಯಾಗುವ ಹೊತ್ತಿಗೆ ಅತ್ತೆ ತಲೆಯೆತ್ತಿ ಮಾವನವರನ್ನು ನೋಡಿದರು.

"ಏನೂಂದ್ರೆ... ಹುಳಿಗೆ ಉಪ್ಪು ಕಮ್ಮಿ ಆಗಿದೆ. ಹೇಳೋದಲ್ವಾ?"

ಎಷ್ಟೋ ತಿಂಗಳ ಮೇಲೆ ನಮ್ಮ ಮನೆಯಲ್ಲಿ ಯಾರೋ "ಏನೂಂದ್ರೆ" ಎಂದಿದ್ದರು. ಹುಳಿ ಮಾಡಿದವಳು ನಾನು, ಉಪ್ಪು ಸರಿಯಾಗಿಯೇ ಇತ್ತು. ಉಪ್ಪಿನ ಡಬ್ಬಿ ತರುವ ನೆಪದಲ್ಲಿ ಒಳಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಮಾವ ಈಗ ಯಾವ ಪಂಥದ ಹೆಸರು ಹೇಳುತ್ತಾರೋ ಎಂದು ಕಿವಿ ಮಾತ್ರ ಹೊರಗಿತ್ತು.

ನೀರಿನ ಲೋಟವನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಆಮೇಲೆ ಅವರ ದನಿ ಕೇಳಿಸಿತು.

"ನೀನ್ ಮಾಡಿದ ಅಡಿಗೇಗೆ ನಾನ್ ಯಾವತ್ತೇ ಹೆಸರಿಟ್ಟಿದೀನಿ?"