ಬಿಡ್ತು ಅಂದ ಸೈನ್ಯ

“ಅಕ್ಕಾ, ಇವತ್ತು ನೀನು ಸಿನಿಮಾ ನೋಡೋದಲ್ಲ, ಸಿನಿಮಾದೊಳಗೇ ಕೂರೋದು!” ಎಂದು ಪಕ್ಕದ ಮನೆಯ ಪಾಲಯ್ಯ ತನ್ನ ಯಂತ್ರದ ಬೆನ್ನು ತಟ್ಟಿದ. ಚಳ್ಳಕೆರೆಯ ಟಾಕೀಸೊಂದರಲ್ಲಿ ಮೂವತ್ತು ವರ್ಷ ರೀಲು ಓಡಿಸಿದವನು. ಟಾಕೀಸು ಮುಚ್ಚಿದ ಮೇಲೆ ಹಳೆಯ ಪ್ರೊಜೆಕ್ಟರಿಗೆ ಒಂದು ಮಿಕ್ಸಿ, ಎರಡು ಮೈಕು, ಒಂದು ಇಡ್ಲಿ ಪಾತ್ರೆ ಸೇರಿಸಿ ಇದನ್ನು ಕಟ್ಟಿದ್ದ.

“ಪರದೇಶದ ಮಾತು ಕನ್ನಡ ಆಗ್ತದೆ. ಅವರು ಆಡಿದ ಮಾತು ಇಲ್ಲೇ ನಿಜ ಆಗ್ತದೆ!”

“ನನ್ನ ಇಡ್ಲಿ ಪಾತ್ರೆ ಯಾವಾಗ ವಾಪಸ್ ಇಡ್ಲಿ ಪಾತ್ರೆ ಆಗ್ತದೆ?” ಎಂದಳು ಅವನ ಹೆಂಡತಿ ಓಬಮ್ಮ.

ನಾನು ಯುದ್ಧದ ಸಿನಿಮಾ ನೋಡಿದವಳೇ ಅಲ್ಲ. ಯಂತ್ರ ಓಡಿದ್ದೇ ಗೋಡೆಯ ತುಂಬ ಹಿಮ! ಕಪ್ಪು ಬಿಳುಪಿನ ಸಾವಿರ ಗಂಡುಮಕ್ಕಳು ಒಂದೇ ಹೆಜ್ಜೆ ಇಡುತ್ತಿದ್ದರು. ಒಬ್ಬೊಬ್ಬನಿಗೂ ಒಬ್ಬೊಬ್ಬ ತಾಯಿ ಎಂದು ಲೆಕ್ಕ ಹಾಕಲು ಹೋಗಿ ಬೆರಳು ಸಾಲದೆ ಬಿಟ್ಟೆ.

“ಅಬ್ಬಾ, ಚಳಿ!” ಎಂದ ಒಬ್ಬ ಸೈನಿಕ. ಏಪ್ರಿಲ್ ಮಧ್ಯಾಹ್ನದ ಚಳ್ಳಕೆರೆಯಲ್ಲಿ ನಮ್ಮ ಹಲ್ಲು ಕಟಕಟ ಎಂದವು. ಕಿಟಕಿಯಲ್ಲಿದ್ದ ಕೊಬ್ಬರಿ ಎಣ್ಣೆ ಗಟ್ಟಿಯಾಯಿತು!

“ಎಲ್ಲಾ ಕಡೆ ಹೊಗೆ!” ಎಂದ ಇನ್ನೊಬ್ಬ.

“ನಿಲ್ಲಿಸ್ರೀ!” ಎಂದು ಓಬಮ್ಮ ಕೆಮ್ಮಿದಳು.

“ತಡಿಯೇ, ಈಗ ತಾನೇ ಶುರು!”

ಹೊಗೆ ಕರಗಿದಾಗ ಮೀಸೆ ಮೂಡದ ಒಂದು ಮುಖ ಕಂಡಿತು. ಗೋಡೆಯಷ್ಟು ದೊಡ್ಡ ಮುಖ. ಕಣ್ಣೊಳಗೆ ದೀಪ ಕೂಡ ಕಾಣುತ್ತಿತ್ತು. ನಾನು ಕೈ ಮುಗಿದುಬಿಟ್ಟೆ.

“ಇವನ ಮ್ಯಾಲೆ ಆಸೆ ಇಟ್ಕಬ್ಯಾಡಕ್ಕ,” ಓಬಮ್ಮ ಕಿವಿಯಲ್ಲಿ ಅಂದಳು. “ಕೊನೇ ರೀಲಿನಾಗೆ ಎದೆಗೇ ಗುಂಡು. ಪ್ರತಿ ಸಲಾನೂ ಸಾಯ್ತಾನೆ.”

ಹುಡುಗ ಹೊಸಿಲ ಮೇಲೆ ನಿಂತು ತಾಯಿಗೆ ಹೇಳಿದ ಮಾತು ಕೆಳಗೆ ಅಕ್ಷರದಲ್ಲಿ ಮೂಡಿತು. ರಾತ್ರಿ ಶಾಲೆಯಲ್ಲಿ ಕಲಿತ ನನಗೆ ಗಟ್ಟಿಯಾಗಿ ಓದಿಯೇ ಅಭ್ಯಾಸ. “ಹೋ...ಗುತ್ತೇನೆ, ಅಮ್ಮ.” ಓದಿದವಳೇ ಸಿಡಿದೆ. “ಥೂ, ಬಿಡ್ತು ಅನ್ನೋ! ಹೊಸಿಲ ಮ್ಯಾಲೆ ನಿಂತು ಹೋಗ್ತೀನಿ ಅಂಬ್ತಾರೇನೋ? ಹೋಗ್ಬರ್ತೀನಿ ಅನ್ನು!”

“ಅಕ್ಕಾ, ಮೈಕು!” ಪಾಲಯ್ಯ ಚೀರಿದ. “ಅವರಿಗೆ ಕೇಳಿಸ್ತದೆ!”

ಹುಡುಗ ಬೆಚ್ಚಿ ನನ್ನ ಕಡೆ ತಿರುಗಿದ. “ಬಿಡ್ತು,” ಎಂದ ಮೆಲ್ಲಗೆ. “ಹೋಗ್ಬರ್ತೀನಿ.”

ಅವನ ಹಿಂದಿದ್ದವನೂ ಹೇಳಿದ. ಸಾವಿರ ಜನ ಹೇಳಿದರು. ಗುಡ್ಡದಾಚೆಯ ಶತ್ರುಗಳೂ ಕೇಳಿಸಿಕೊಂಡು ಹೇಳಿದರು!

ಯಂತ್ರ ಗುಡುಗಿತು. ಗೋಡೆಯಿಂದ ಒಂದು ಬೂಟುಗಾಲು ಕೆಳಗಿಳಿಯಿತು, ಆಮೇಲೆ ಇನ್ನೊಂದು. ಬಂದೇ ಬಂದರು! ಮನೆ ತುಂಬಿತು, ಬೀದಿ ತುಂಬಿತು. ಯಾರು ಯಾವ ಕಡೆಯವರೋ, ಎಲ್ಲರದೂ ಬೂದಿ ಬಣ್ಣ. ಹುಡುಗ ಅಂಗಳದಲ್ಲಿ ಒಣಗಲು ಹಾಕಿದ್ದ ಮೆಣಸಿನಕಾಯಿಯ ಮುಂದೆ ಮಂಡಿಯೂರಿ ಕುಳಿತುಬಿಟ್ಟ. ಕೆಂಪನ್ನು ಅವನು ಅದೇ ಮೊದಲು ನೋಡಿದ್ದು. ಅವರಲ್ಲಿ ರಕ್ತವೂ ಕಪ್ಪಂತೆ.

“ಒಳಗೆ ಹೋಗ್ರಪ್ಪಾ, ಇನ್ನೂ ಎರಡು ರೀಲು ಐತೆ!” ಪಾಲಯ್ಯ ಅಂಗಲಾಚಿದ.

“ಆಗ್ಲಿ ಸ್ವಾಮಿ, ಹೋಗ್ಬರ್ತೀವಿ,” ಎಂದು ಎಲ್ಲರೂ ಗೋಡೆಯೊಳಕ್ಕೆ ಹೋದರು. ಮರುಗಳಿಗೆಗೇ ಬಂದರು! ಮೂರು ಸಲವೂ ಹೀಗೆಯೇ.

“ಬರೀ ಹೋಗ್ತೀವಿ ಅನ್ರೋ!” ಎಂದ ಪಾಲಯ್ಯ.

“ಬಾಗಿಲಾಗೆ ನಿಲ್ಲಿಸಿ ಆ ಮಾತು ಆಡಿಸ್ತೀರಾ? ನಾಚ್ಕೆ ಆಗಲ್ವಾ?” ಎಂದು ಓಬಮ್ಮ ಸೌಟು ಎತ್ತಿದಳು. ಪಾಲಯ್ಯ ರೀಲು ಬದಲಿಸಲು ಹೋದ.

ಕೊನೆಯ ರೀಲು ಬಂತು. ಗೋಡೆಯ ಮೇಲೆ ಯಾರೂ ಇಲ್ಲ. ಬಿಟ್ಟುಬಂದ ಕೋವಿಯೊಂದು ಹೊತ್ತಿಗೆ ಸರಿಯಾಗಿ ತಾನೇ ಹಾರಿತು. ಗುಂಡು ಎದೆಯನ್ನು ಹುಡುಕಿಕೊಂಡು ಬಂದು, ಸಿಗದೆ, ಹಿಮದಲ್ಲಿ ಪುಸಕ್ ಎಂದು ಹೂತುಹೋಯಿತು. ಆ ಎದೆಯವನು ನನ್ನ ಪಕ್ಕದಲ್ಲಿ ಮುದ್ದೆ ಅಗಿಯುತ್ತಿದ್ದ.

“ಅಗೀಬ್ಯಾಡಪ್ಪ, ನುಂಗು,” ಎಂದೆ.

ಸೈನ್ಯವೆಲ್ಲ ಈಗ ಶೇಂಗಾ ಮಿಲ್ಲುಗಳಲ್ಲಿ ಮೂಟೆ ಹೊರುತ್ತದೆ. ಬಿಸಿಲಿಗೆ ಮೈಗಳಿಗೆ ನಿಧಾನವಾಗಿ ಬಣ್ಣ ಹತ್ತುತ್ತಿದೆ. ಪಾಲಯ್ಯ ಅದೇ ಸಿನಿಮಾವನ್ನು ಭಾನುವಾರ ಹಾಕುತ್ತಾನೆ. ಎರಡೂವರೆ ಗಂಟೆ ಖಾಲಿ ಬಯಲಿನ ಮೇಲೆ ಹಿಮ ಬೀಳುತ್ತದೆ, ಅಷ್ಟೇ. ಯುದ್ಧದ ಸಿನಿಮಾ ಇಷ್ಟು ಚೆನ್ನಾಗಿರುತ್ತದೆ ಎಂದು ಈ ವಯಸ್ಸಿನವರೆಗೆ ನನಗೆ ಯಾರೂ ಹೇಳಿರಲಿಲ್ಲ.